ತುಡುವೆ ಹಿಂಡನ್ನು ಕರೆಯುವುದು, ಹಿಡಿಯುವುದು, ಪೆಟ್ಟಿಗೆಯಲ್ಲಿ ನಿಲ್ಲಿಸುವುದು: ಬಯಲುಸೀಮೆಗೆ ಸಮಗ್ರ ಮಾರ್ಗದರ್ಶಿ

ತುಡುವೆ ಜೇನಿನ ಹಿಂಡು ಬಂತು, ಪೆಟ್ಟಿಗೆಗೆ ಹಾಕಿದೆವು, ಮೂರನೇ ದಿನಕ್ಕೆ ಪೆಟ್ಟಿಗೆ ಖಾಲಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹೊಸ ಜೇನುಗಾರರು ಹೇಳುವ ದೂರು ಬಹುತೇಕ ಇದೇ. ಹಿಡಿಯುವಾಗ ತಪ್ಪಾಗುವುದು ಕಡಿಮೆ. ತಪ್ಪಾಗುವುದು ಅದಕ್ಕೂ ಮುಂಚೆ ಪೆಟ್ಟಿಗೆಯ ತಯಾರಿಯಲ್ಲಿ, ಆಮೇಲೆ ಮೊದಲ ಹತ್ತು ದಿನದ ಆರೈಕೆಯಲ್ಲಿ. ಹಾಗಾಗಿ ಇಲ್ಲಿ ಆ ಎರಡು ಭಾಗಗಳಿಗೇ ಹೆಚ್ಚು ಜಾಗ ಕೊಟ್ಟಿದೆ. ಹಂತಗಳನ್ನು ಇದೇ ಅನುಕ್ರಮದಲ್ಲಿ ಮಾಡಿ. ಹಿಂಡು ಕೊಂಬೆಗೆ ಜೋತ ಮೇಲೆ ಪೆಟ್ಟಿಗೆ ಹುಡುಕಲು ಹೋದರೆ ಅದು ಕಾಯುವುದಿಲ್ಲ.

ಮೊದಲು ಯಾವ ಜೇನು ಎಂದು ಗುರುತಿಸಿ

ಪೆಟ್ಟಿಗೆಗೆ ಒಗ್ಗುವ ನಮ್ಮ ನಾಡಜೇನು ತುಡುವೆ. ಇದು ಕತ್ತಲೆಯ ಪೊಟರೆಯಲ್ಲಿ ಒಂದರ ಪಕ್ಕ ಒಂದರಂತೆ ಹಲವು ಎರಿ (ಮೇಣದ ಹುಟ್ಟು) ಕಟ್ಟುತ್ತದೆ. ನಮ್ಮ ಭಾಗದಲ್ಲಿ ಗುಡ್ಡದ ಬಂಡೆ ಸಂದು, ಹುಣಸೆ ಮತ್ತು ಬೇವಿನ ಪೊಟರೆ, ಹುತ್ತ, ಹಳೇ ಮಾಳಿಗೆ ಮನೆಯ ಗೋಡೆ, ಬಳಸದ ಬಾವಿಯ ಕಲ್ಲುಸಂದು, ಪಂಪ್‌ಸೆಟ್ಟಿನ ಹಳೇ ಡಬ್ಬಿ ಇವೆಲ್ಲ ತುಡುವೆಯ ಮನೆಗಳೇ.

ಹೆಜ್ಜೇನು ನೀರಿನ ಟ್ಯಾಂಕಿಗೋ ಎತ್ತರದ ಮರಕ್ಕೋ ಕಡಿದಾದ ಬಂಡೆಗೋ ಬಯಲಿನಲ್ಲೇ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಕೋಲುಜೇನು ಜಾಲಿ ಪೊದೆಯಲ್ಲೋ ದಾಳಿಂಬೆ ಗಿಡದಲ್ಲೋ ಅಂಗೈಯಷ್ಟು ಎರಿ ಕಟ್ಟುತ್ತದೆ. ಎರಡನ್ನೂ ಪೆಟ್ಟಿಗೆಗೆ ಹಾಕಲಾಗದು, ಹಾಕಿದರೂ ನಿಲ್ಲುವುದಿಲ್ಲ. ಎರಿಯಿಲ್ಲದೆ ಜೋತ ಹಿಂಡಾದರೆ ಮೈ ನೋಡಿ. ತುಡುವೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ಹೆಜ್ಜೇನು ಅದರ ಒಂದೂವರೆ ಪಟ್ಟಿಗೂ ಮೇಲೆ. ಕೋಲುಜೇನು ತುಡುವೆಗಿಂತ ಸಣ್ಣದು, ಹೊಟ್ಟೆಯ ಬುಡದಲ್ಲಿ ಕೆಂಪು. ಅನುಮಾನವಿದ್ದರೆ ಮುಟ್ಟಬೇಡಿ. ಹೆಜ್ಜೇನನ್ನು ತುಡುವೆ ಎಂದುಕೊಂಡು ಕೊಂಬೆ ಅಲುಗಿಸುವುದು ಪ್ರಾಣಕ್ಕೇ ಅಪಾಯ.

ಸೂರ್ಯಕಾಂತಿ ಹಂಗಾಮಿನಲ್ಲಿ ಹೊರಗಿನಿಂದ ಮೆಲ್ಲಿಫೆರಾ (ಯುರೋಪಿನ ಜೇನು) ಪೆಟ್ಟಿಗೆಗಳು ಬಂದಿಳಿಯುತ್ತವೆ. ಅವುಗಳ ಹಿಂಡೂ ಕೆಲವೊಮ್ಮೆ ಸಿಗುತ್ತದೆ. ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕು, ತುಡುವೆಯ ಚೌಕಟ್ಟು ಸಾಲದು.

ಬೇಕಾದ ಸಾಮಾನು

ಮುಖಪರದೆ, ಹೊಗೆತಿದಿ, ತೆಂಗಿನ ನಾರು ಅಥವಾ ಒಣ ಗೋಣಿಚೀಲದ ತುಂಡು. ಸಣ್ಣ ಸ್ಪ್ರೇ ಬಾಟಲಿ (ಔಷಧಿ ಹೊಡೆದದ್ದು ಎಂದೂ ಬೇಡ). ಆಳವಾದ ಬಿದಿರು ಬುಟ್ಟಿ, ಬಿಳಿ ಹತ್ತಿ ಬಟ್ಟೆ, ಹಗ್ಗ, ಗಿಡ ಕತ್ತರಿಸುವ ಕತ್ತರಿ, ಹರಿತವಾದ ಚಾಕು, ನೆನೆಸಿದ ಬಾಳೆನಾರು, ತುಡುವೆಗೆಂದೇ ಮಾಡಿದ ರಾಣಿ ಗೇಟು (ಕೆಲಸಗಾರ ಹುಳ ಹಾಯುವ, ರಾಣಿ ಹಾಯಲಾಗದ ಬಾಗಿಲ ತಡೆ), ಒಂದು ರಾಣಿ ಪಂಜರ. ಮೆಲ್ಲಿಫೆರಾದ ಗೇಟಿನ ಸಂದು ಅಗಲ, ಅದರಲ್ಲಿ ತುಡುವೆ ರಾಣಿ ಸಲೀಸಾಗಿ ನುಸುಳಿ ಹೋಗುತ್ತಾಳೆ. ಅಂಗಡಿಯಲ್ಲಿ ಕೊಟ್ಟದ್ದನ್ನು ಕಣ್ಣುಮುಚ್ಚಿ ತರಬೇಡಿ.

ಹಂತ 1: ಕಾಲ ನೋಡಿ

ನಮ್ಮಲ್ಲಿ ಕುಟುಂಬಗಳು ಪಾಲಾಗುವ, ಅಂದರೆ ಒಂದು ಭಾಗ ರಾಣಿಯೊಂದಿಗೆ ಹೊಸ ಮನೆ ಹುಡುಕಿ ಹೊರಡುವ ಕಾಲ ಎರಡು. ಮೊದಲನೆಯದು ಮಳೆ ಮುಗಿಯುತ್ತಿದ್ದಂತೆ, ತೊಗರಿ, ಎಳ್ಳು, ಸೂರ್ಯಕಾಂತಿ ಹೂವಿನ ಹೊತ್ತಿಗೆ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಎರಡನೆಯದು ಬೇವು, ಹೊಂಗೆ, ಬಳ್ಳಾರಿ ಜಾಲಿ ಹೂ ಬಿಡುವಾಗ, ಫೆಬ್ರವರಿ-ಮಾರ್ಚ್. ಹೂವು ಕಾಣುವುದಕ್ಕೆ ಎರಡು ವಾರ ಮುಂಚೆಯೇ ಟ್ರ್ಯಾಪ್ ಪೆಟ್ಟಿಗೆಗಳು (ಹಿಂಡನ್ನು ಸೆಳೆಯಲು ಇಡುವ ಖಾಲಿ ಪೆಟ್ಟಿಗೆಗಳು) ಜಾಗದಲ್ಲಿರಬೇಕು.

ಏಪ್ರಿಲ್ ಮಧ್ಯದಿಂದ ಜೂನ್‌ವರೆಗೆ ಕಾಣುವ ಹಿಂಡುಗಳ ಕಥೆಯೇ ಬೇರೆ. ಅವು ಬಿಸಿಲಿಗೆ, ಹೂವಿನ ಬರಕ್ಕೆ, ಎರಿ ತಿನ್ನುವ ಮೇಣದ ಹುಳದ ಕಾಟಕ್ಕೆ ಮನೆ ಬಿಟ್ಟು ಪರಾರಿಯಾದವು. ಹೊಟ್ಟೆಯಲ್ಲಿ ಜೇನುತುಪ್ಪವಿರುವುದಿಲ್ಲ, ಸಿಟ್ಟು ಜಾಸ್ತಿ. ಹಿಡಿಯಬಹುದು, ಆದರೆ ಅದೇ ಸಂಜೆ ಆಹಾರ ಕೊಡಬೇಕು.

ನಿಮ್ಮದೇ ಪೆಟ್ಟಿಗೆ ಪಾಲಾಗಲಿದೆಯೇ ಎಂದು ತಿಳಿಯಲು ಅಡಿಹಲಗೆ ನೋಡಿ. ಗಂಡುಮರಿ ಕೋಶದ ಮುಚ್ಚಳಗಳು ಅಲ್ಲಿ ಬಿದ್ದಿರುತ್ತವೆ: ಕಂದು ಬಣ್ಣ, ಸಣ್ಣ ಟೋಪಿಯ ಆಕಾರ, ನಡುವೆ ಸೂಜಿ ಚುಚ್ಚಿದಂಥ ಒಂದು ರಂಧ್ರ. ಇವು ರಾಶಿಯಾಗಿ ಕಂಡರೆ ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶ ಹುಡುಕಿ. ರಾಣಿ ಕೋಶದ ಬಾಯಿ ಮುಚ್ಚುವ ಹೊತ್ತಿಗೆ ಹಳೇ ರಾಣಿ ಮೊದಲ ಹಿಂಡಿನೊಂದಿಗೆ ಹೊರಡುತ್ತಾಳೆ. ಸುಮಾರು ಒಂದು ವಾರದ ಮೇಲೆ ಹೊಸ ರಾಣಿಯೊಂದಿಗೆ ಎರಡನೇ ಹಿಂಡು ಹೊರಡಬಹುದು. ಈ ವ್ಯತ್ಯಾಸ ನೆನಪಿರಲಿ, 8ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಟ್ರ್ಯಾಪ್ ಪೆಟ್ಟಿಗೆ ಸಿದ್ಧಪಡಿಸಿ

ಒಳ ಅಳತೆ ಸುಮಾರು 30 ಸೆಂ.ಮೀ. ಉದ್ದ, 25 ಅಗಲ, 22 ಎತ್ತರ ಇದ್ದರೆ 16 ಲೀಟರಿನಷ್ಟು ಜಾಗ ಸಿಗುತ್ತದೆ. ತುಡುವೆಗೆ ಇದು ಸಾಕು. ತುಂಬಾ ದೊಡ್ಡದು ಮಾಡಿದರೆ ಸಣ್ಣ ಹಿಂಡು ಒಪ್ಪುವುದಿಲ್ಲ. ಅಳತೆಯನ್ನು ಒಂದೆರಡು ಸೆಂಟಿಮೀಟರ್ ಆಚೀಚೆ ಮಾಡಿ, ನಿಮ್ಮ ಪೆಟ್ಟಿಗೆಯ ಸಂಸಾರ ಕೋಣೆಯ (ಮರಿ ಬೆಳೆಯುವ ಕೋಣೆ) ಚೌಕಟ್ಟೇ ಒಳಗೆ ಕೂರುವಂತೆ ನೋಡಿಕೊಳ್ಳಿ. ಆಗ ಹಿಂಡನ್ನು ಖಾಯಂ ಪೆಟ್ಟಿಗೆಗೆ ದಾಟಿಸುವುದು ಚೌಕಟ್ಟು ಎತ್ತಿಡುವಷ್ಟೇ ಕೆಲಸ.

ಚೌಕಟ್ಟಿನ ನಡುವಿನಿಂದ ನಡುವಿಗೆ 31-32 ಮಿ.ಮೀ. ಅಂತರವಿರಲಿ. ಮೇಲ್ಪಟ್ಟಿಯ ಕೆಳಗೆ 2 ಸೆಂ.ಮೀ. ಅಗಲದ ಮೇಣದ ಪಟ್ಟಿ ಅಂಟಿಸಿದರೆ ಸಾಕು. ಪೂರ್ತಿ ಮೇಣದ ಹಾಳೆ ಹಾಕಬೇಡಿ. ಜಾಗ ನೋಡಲು ಬರುವ ಜೇನುಹುಳಗಳು ಒಳಗೆಲ್ಲ ನಡೆದಾಡಿ ಎಷ್ಟು ಜಾಗವಿದೆ ಎಂದು ಅಳೆಯುತ್ತವೆ. ಹಾಳೆಗಳು ತುಂಬಿದ್ದರೆ ಅವಕ್ಕೆ ಪೆಟ್ಟಿಗೆ ಇಕ್ಕಟ್ಟಾಗಿ ತೋರುತ್ತದೆ. ಬೇಸಿಗೆಯಲ್ಲಿ ಖಾಲಿ ಪೆಟ್ಟಿಗೆಯ ಹಾಳೆ ಬಾಗಿ ಬೀಳುವುದೂ ಉಂಟು.

ಬಾಗಿಲು ಒಂದೇ ಇರಲಿ: 8 ಮಿ.ಮೀ. ಎತ್ತರ, 5-6 ಸೆಂ.ಮೀ. ಅಗಲ, ಪೆಟ್ಟಿಗೆಯ ಕೆಳಭಾಗದಲ್ಲಿ. ಬೇರೆ ಎಲ್ಲೂ ಬೆಳಕು ನುಸುಳಬಾರದು. ಮುಚ್ಚಳ ಹಾಕಿ ಬಾಗಿಲಿನಿಂದ ಇಣುಕಿ ನೋಡಿ, ಬೆಳಕಿನ ಗೆರೆ ಕಂಡಲ್ಲೆಲ್ಲ ಸಗಣಿ ಬೆರೆಸಿದ ಮಣ್ಣು ಮೆತ್ತಿ.

ಹಳೇ ಮಾವಿನ ಅಥವಾ ಸಾಗವಾನಿ ಹಲಗೆ ಒಳ್ಳೆಯದು. ಹೊಸ ಪ್ಲೈವುಡ್, ವಾರ್ನಿಷ್, ಒಳಗೆ ಬಣ್ಣ, ಗೊಬ್ಬರ ಅಥವಾ ಔಷಧಿ ತುಂಬಿದ್ದ ಡಬ್ಬಿ ಬೇಡವೇ ಬೇಡ. ಹೊಸ ಪೆಟ್ಟಿಗೆಯಾದರೆ ಒಂದು ತಿಂಗಳು ಮುಚ್ಚಳ ತೆಗೆದು ನೆರಳಿನ ಗಾಳಿಗೆ ಇಟ್ಟು ವಾಸನೆ ಹೋಗಿಸಿ.

ಕಡಿಮೆ ಖರ್ಚಿನಲ್ಲಿ ಆಗಬೇಕೆಂದರೆ 12-15 ಲೀಟರಿನ ಮಣ್ಣಿನ ಗಡಿಗೆ. ಬಾಯಿ ಮೇಲೆ ಮಾಡಿ ಇಡಿ. ಬಾಯಿಗೆ ಅಡ್ಡಲಾಗಿ 22 ಮಿ.ಮೀ. ಅಗಲದ ಪಟ್ಟಿಗಳನ್ನು 9 ಮಿ.ಮೀ. ಸಂದು ಬಿಟ್ಟು ಜೋಡಿಸಿ. ಮೇಲೆ ಹಲಗೆ ಮುಚ್ಚಿ ಅಂಚಿಗೆ ಮಣ್ಣು ಮೆತ್ತಿ. ಗಡಿಗೆಯ ಪಕ್ಕದಲ್ಲಿ, ಬುಡದ ಹತ್ತಿರ 2 ಸೆಂ.ಮೀ. ತೂತು ಕೊರೆಯಿರಿ. ಗಡಿಗೆಯನ್ನು ಬೋರಲು ಹಾಕುವ ರೂಢಿಯೂ ಇದೆ. ಆದರೆ ಆಗ ಎರಿ ಗಡಿಗೆಯ ಬುಡಕ್ಕೇ ಅಂಟುತ್ತದೆ, ಹಿಂಡು ತೆಗೆಯಲು ಗಡಿಗೆ ಒಡೆಯಬೇಕಾಗುತ್ತದೆ. ಪಟ್ಟಿಯಿದ್ದರೆ ಎರಿಯನ್ನು ಹಾಗೇ ಎತ್ತಬಹುದು.

ಹಂತ 3: ವಾಸನೆ ಕೊಡಿ, ಅತಿ ಮಾಡಬೇಡಿ

ಎಲ್ಲಕ್ಕಿಂತ ಹೆಚ್ಚು ಎಳೆಯುವುದು ತುಡುವೆಯದೇ ಶುದ್ಧ ಮೇಣ. 50 ಗ್ರಾಂ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಮುಚ್ಚಳದ ಒಳಮೈ, ಮೇಲ್ಪಟ್ಟಿ ಮತ್ತು ಬಾಗಿಲ ಸುತ್ತ ತೆಳುವಾಗಿ ಹಚ್ಚಿ. ನೇರ ಬೆಂಕಿಯ ಮೇಲೆ ಮೇಣ ಇಡಬೇಡಿ, ಹೊತ್ತಿಕೊಳ್ಳುತ್ತದೆ.

ಮಜ್ಜಿಗೆಹುಲ್ಲಿನ ಎಣ್ಣೆ ಸಿಕ್ಕರೆ ಹತ್ತಿಗೆ ಎರಡು-ಮೂರು ಹನಿ ಹಾಕಿ ಒಳಗಿಡಿ, ಎರಡು ವಾರಕ್ಕೊಮ್ಮೆ ಹೊಸದು. ಹುಳಗಳು ತಮ್ಮವರನ್ನು ಕರೆಯಲು ಸೂಸುವ ಗಂಧದಲ್ಲಿರುವ ಅಂಶಗಳು ಈ ಎಣ್ಣೆಯಲ್ಲೂ ಇವೆ. ಎಣ್ಣೆ ಸುರಿದರೆ ಹುಳ ದೂರ ಸರಿಯುತ್ತವೆ.

ಪೆಟ್ಟಿಗೆಗೆ ಮರದ ಅಂಟು ಹಚ್ಚಬೇಕೆಂಬ ಸಲಹೆ ಮೆಲ್ಲಿಫೆರಾ ಸಾಕುವವರಿಂದ ಬಂದದ್ದು. ತುಡುವೆ ಅಂಟು ಸಂಗ್ರಹಿಸುವುದಿಲ್ಲ, ಅದರಿಂದ ನಿಮಗೆ ಲಾಭವಿಲ್ಲ. ಸಕ್ಕರೆ ಪಾಕ, ಬೆಲ್ಲ, ಜೇನುತುಪ್ಪ ಸವರುವುದಂತೂ ದೊಡ್ಡ ತಪ್ಪು. ಹಿಂಡು ಬರುವ ಮೊದಲು ಇರುವೆ ಬರುತ್ತದೆ, ಇರುವೆ ಸೇರಿದ ಪೆಟ್ಟಿಗೆಯನ್ನು ತುಡುವೆ ಮತ್ತೆ ತಿರುಗಿ ನೋಡುವುದಿಲ್ಲ. ಕಪ್ಪಗಾದ ಹಳೇ ಎರಿಯ ಹೋಳುಗಳನ್ನೂ ತುಂಬಬೇಡಿ. ಅದು ಮೇಣದ ಹುಳಕ್ಕೆ ಹಬ್ಬ, ರೋಗದ ದಾರಿಯೂ ಹೌದು.

ಹಂತ 4: ಜಾಗ

ನಿಮ್ಮ ಜೇನುವನದಿಂದ (ಜೇನುಪೆಟ್ಟಿಗೆಗಳನ್ನು ಇಟ್ಟಿರುವ ಜಾಗ) 100ರಿಂದ 500 ಮೀಟರ್ ಒಳಗೆ ಐದಾರು ಪೆಟ್ಟಿಗೆ ಹಂಚಿ ಇಡಿ. ಒಂದೇ ಇಟ್ಟು ಕಾಯುವುದು ಬೇಸರದ ಕೆಲಸ. ಗುಡ್ಡದ ಬುಡ, ಹೊಲದ ಬದುವಿನ ಹುಣಸೆ, ಕಾಲುವೆ ಪಕ್ಕದ ಹೊಂಗೆ ಸಾಲು ಒಳ್ಳೆಯ ಜಾಗ. ನೆಲದಿಂದ 2-4 ಮೀಟರ್ ಎತ್ತರ, ಏಣಿಯಲ್ಲಿ ನಿಂತು ಎರಡೂ ಕೈಯಿಂದ ಇಳಿಸಲು ಆಗುವಷ್ಟೇ.

ದಿನವಿಡೀ ನೆರಳು ಬೇಕು, ಬಾಗಿಲು ಮಾತ್ರ ಪೂರ್ವಕ್ಕೋ ಆಗ್ನೇಯಕ್ಕೋ ಬಯಲಾಗಿ ಕಾಣಬೇಕು. ಪಶ್ಚಿಮದ ಗಾಳಿಮಳೆಗೆ ಬಾಗಿಲು ಒಡ್ಡಬೇಡಿ. ಮಳೆಗೆ ತಗಡು ಹೊದಿಸುವವರು ಅದರ ಮೇಲೆ ಜೋಳದ ಕಣಿಕೆ ಹಾಸಿ ಕಟ್ಟಿ. ನಮ್ಮ ಬಿಸಿಲಿಗೆ ಬರೀ ತಗಡು ಕಾದರೆ ಒಳಗಿನ ಮೇಣ ಜೋತು ಬೀಳುತ್ತದೆ.

ಹತ್ತಿ ಮತ್ತು ಮೆಣಸಿನಕಾಯಿ ಹೊಲದ ಅಂಚು, ಔಷಧಿ ಹೊಡೆಯುವ ಭತ್ತದ ಗದ್ದೆಯ ಬದು ಬೇಡ. ದರೋಜಿ ಕರಡಿಧಾಮದ ಸುತ್ತಮುತ್ತ ಮತ್ತು ಕರಡಿ ಓಡಾಡುವ ಬೇರೆ ಗುಡ್ಡಗಳ ಹತ್ತಿರ ಪೆಟ್ಟಿಗೆಯನ್ನು ಕರಡಿ ಬಿಡುವುದಿಲ್ಲ. ಅಲ್ಲಿ ಮನೆ ಹತ್ತಿರವೇ ಇಡಿ, ನಸುಕಿನಲ್ಲಿ ಮತ್ತು ಕತ್ತಲಾದ ಮೇಲೆ ಒಬ್ಬರೇ ನೋಡಲು ಹೋಗಬೇಡಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಬೇಕು.

ಹಂತ 5: ಹುಳ ಜಾಗ ನೋಡುವ ದಿನಗಳು

ಮೊದಲು ಎರಡು ಮೂರು ಹುಳ ಬಂದು ಬಾಗಿಲ ಸುತ್ತ, ಪೆಟ್ಟಿಗೆಯ ಮೂಲೆಗಳಲ್ಲಿ ಸುಳಿದಾಡುತ್ತವೆ, ಒಳಹೋಗಿ ಬರುತ್ತವೆ. ಕಾಲಲ್ಲಿ ಪರಾಗ ಇರುವುದಿಲ್ಲ. ಬಿಸಿಲೇರಿದ ಮೇಲೆ ಸಂಖ್ಯೆ ಹೆಚ್ಚುತ್ತದೆ, ಸಂಜೆಗೆ ಒಂದೂ ಇರುವುದಿಲ್ಲ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋದರೆ ಹಿಂಡು ಈ ಜಾಗವನ್ನು ಮೆಚ್ಚುತ್ತಿದೆ ಎಂದರ್ಥ. ಈ ಹೊತ್ತಿನಲ್ಲಿ ಪೆಟ್ಟಿಗೆ ತೆರೆಯುವುದು, ಸರಿಸುವುದು, ಇನ್ನಷ್ಟು ಎಣ್ಣೆ ಹಾಕುವುದು ಯಾವುದೂ ಬೇಡ. ಹತ್ತಡಿ ದೂರದಿಂದ ನೋಡಿ.

ಹುಳ ಪರಾಗ ಹೊತ್ತು ಒಳಹೋಗತೊಡಗಿದರೆ ಹಿಂಡು ಬಂದು ಕೂತಾಗಿದೆ.

ಹಂತ 6: ಕೊಂಬೆಗೆ ಜೋತ ಹಿಂಡನ್ನು ಹಿಡಿಯುವುದು

ಹಿಂಡು ಸಾಮಾನ್ಯವಾಗಿ ಬೆಳಗಿನ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಹೊರಡುತ್ತದೆ, ಮೊದಲು ಹತ್ತಿರದ ಕೊಂಬೆಗೆ ಜೋತುಬೀಳುತ್ತದೆ. ಅಲ್ಲಿ ಅರ್ಧ ಗಂಟೆಯೂ ಇರಬಹುದು, ಎರಡು ದಿನವೂ ಇರಬಹುದು. ಹಿಂಡನ್ನು ಕೂರಿಸಲೆಂದು ತಟ್ಟೆ ಬಡಿದು ಪ್ರಯೋಜನವಿಲ್ಲ.

1. ಪೂರ್ತಿ ನೆಲೆಯಾಗಿ ಜೋಲುವವರೆಗೆ ಕಾಯಿರಿ. ಹಾರಾಡುತ್ತಿರುವಾಗ ಕೈ ಹಾಕಿದರೆ ರಾಣಿ ಇನ್ನೂ ಎತ್ತರಕ್ಕೆ ಹೋಗಿ ಕೂರುತ್ತಾಳೆ.

2. ಹಿಂಡಿನ ಮೇಲೆ ನೀರನ್ನು ತೆಳುವಾಗಿ, ಮಂಜಿನಂತೆ ಚಿಮುಕಿಸಿ. ತೊಟ್ಟಿಕ್ಕುವಷ್ಟು ಬೇಡ.

3. ಒಳಗೆ ಮೇಣ ಸವರಿದ ಬುಟ್ಟಿಯನ್ನು ಬೋರಲಾಗಿ, ಅಂಚು ಹಿಂಡಿನ ಮೇಲ್ತುದಿಗೆ ತಾಗುವಂತೆ ಹಿಡಿಯಿರಿ. ಕೆಳಗಿನಿಂದ ಎರಡು-ಮೂರು ಸಲ ತಣ್ಣನೆಯ ಹೊಗೆ ಬಿಡಿ. ಹುಳಗಳ ಸ್ವಭಾವ ಮೇಲಕ್ಕೆ, ಕತ್ತಲೆಗೆ ಹತ್ತುವುದು. ಹತ್ತು ಹದಿನೈದು ನಿಮಿಷದಲ್ಲಿ ಹಿಂಡು ಬುಟ್ಟಿಯೊಳಗೆ ನಡೆದುಹೋಗುತ್ತದೆ. ಹೊಗೆ ಕೈಗೆ ಬಿಸಿ ತಾಗಿದರೆ ತಿದಿಗೆ ಹಸಿ ಹುಲ್ಲು ತುರುಕಿ.

4. ತೆಳ್ಳನೆಯ ಕೊಂಬೆಯಾದರೆ ಇನ್ನೂ ಸುಲಭ. ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಕತ್ತರಿಸಲಿ, ಕೊಂಬೆ ಸಮೇತ ಇಳಿಸಿ.

5. ನೆರಳಿನಲ್ಲಿ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಪೆಟ್ಟಿಗೆ ಇಟ್ಟು, ನಡುವಿನ ಎರಡು ಚೌಕಟ್ಟು ಹೊರತೆಗೆಯಿರಿ. ಬುಟ್ಟಿಯನ್ನು ಒಂದೇ ಏಟಿಗೆ ಗಟ್ಟಿಯಾಗಿ ಕುಕ್ಕಿ ಹುಳ ಒಳಗೆ ಬೀಳಿಸಿ. ಹತ್ತು ಸಲ ಮೆಲ್ಲಗೆ ಅಲುಗಿಸಿದರೆ ಹುಳ ರೇಗುತ್ತವೆ. ಚೌಕಟ್ಟನ್ನು ಒತ್ತದೆ, ಹುಳದ ಮೇಲೆ ತಾನಾಗಿ ಇಳಿಯಲು ಬಿಡಿ.

6. ಈಗ ಬಾಗಿಲು ನೋಡಿ. ಹುಳಗಳು ಬಾಗಿಲಲ್ಲಿ ನಿಂತು ಬಾಲ ಎತ್ತಿ ರೆಕ್ಕೆ ಬೀಸುತ್ತ, ಹೊರಗಿನವು ಸಾಲಾಗಿ ಒಳಹೋಗುತ್ತಿದ್ದರೆ ರಾಣಿ ಒಳಗಿದ್ದಾಳೆ. ಹುಳ ಮತ್ತೆ ಕೊಂಬೆಗೇ ಹೋಗಿ ಗುಂಪುಗೂಡಿದರೆ ರಾಣಿ ಅಲ್ಲೇ ಉಳಿದಿದ್ದಾಳೆ, ಮೊದಲಿನಿಂದ ಮಾಡಿ.

7. ಕತ್ತಲಾಗುವವರೆಗೆ ಪೆಟ್ಟಿಗೆಯನ್ನು ಅಲ್ಲೇ ಬಿಡಿ. ಆಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ಅದೇ ರಾತ್ರಿ ಅದರ ಜಾಗಕ್ಕೆ ಒಯ್ಯಿರಿ. ನಾಳೆ ನಾಡಿದ್ದು ಎಂದು ತಡಮಾಡಿದರೆ ಹುಳಗಳು ಆ ಜಾಗಕ್ಕೆ ಒಗ್ಗಿಬಿಡುತ್ತವೆ. ಆಗ ಎರಡು ಕಿಲೋಮೀಟರಿಗಿಂತ ದೂರ ಒಯ್ಯದಿದ್ದರೆ ಹಳೇ ಜಾಗಕ್ಕೇ ಮರಳುತ್ತವೆ.

ಕಚ್ಚಿಸಿಕೊಂಡರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ಉಸಿರು ಕಟ್ಟಿದಂತಾಗುವುದು, ತುಟಿ-ನಾಲಿಗೆ ಊದುವುದು, ತಲೆಸುತ್ತು, ಮೈತುಂಬ ದದ್ದು ಬಂದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಹಂತ 7: ಪೊಟರೆಯಲ್ಲಿ ಎರಿ ಕಟ್ಟಿದ ಕುಟುಂಬ

ಕೈ ತಲುಪುವ ಜಾಗವಾದರೆ ಮಾತ್ರ. ಬಂಡೆ ಒಡೆಯುವುದು, ಮರ ಕಡಿಯುವುದು ಬೇಡ, ಆ ಕುಟುಂಬ ಅಲ್ಲೇ ಇದ್ದು ಪ್ರತಿ ವರ್ಷ ನಿಮಗೆ ಹಿಂಡು ಕೊಡಲಿ. ಸಂದಿಗೆ ಕೈ ಹಾಕುವ ಮೊದಲು ಹಾವು, ಚೇಳು ಇಲ್ಲವೆಂದು ಟಾರ್ಚ್ ಬಿಟ್ಟು ನೋಡಿ. ಸಂಜೆ ನಾಲ್ಕರ ಮೇಲೆ ಶುರುಮಾಡಿ. ಲಘು ಹೊಗೆ ಕೊಟ್ಟು ಎರಿಗಳನ್ನು ಒಂದೊಂದಾಗಿ ಕೊಯ್ಯಿರಿ. ಮರಿಯಿರುವ ಎರಿಯನ್ನು ಮೊದಲಿದ್ದ ಹಾಗೇ ಮೇಲಿನದು ಮೇಲೆಯೇ ಇರುವಂತೆ ಚೌಕಟ್ಟಿಗೆ ಬಾಳೆನಾರಿನಿಂದ ಕಟ್ಟಿ. ತುಪ್ಪದ ಎರಿ ಪೆಟ್ಟಿಗೆಗೆ ಹಾಕಬೇಡಿ, ಸೋರಿ ಇರುವೆ ಕರೆಯುತ್ತದೆ. ರಾಣಿ ಕಂಡರೆ ಪಂಜರಕ್ಕೆ ಹಾಕಿ ನಡುವಿನ ಚೌಕಟ್ಟಿಗೆ ಸಿಕ್ಕಿಸಿ, ಉಳಿದವು ತಾವೇ ಬರುತ್ತವೆ. ಮರುದಿನ ಸಂಜೆ ಅವಳನ್ನು ಬಿಡಿ. ಈ ಪೆಟ್ಟಿಗೆಯನ್ನು ಎರಡು ಕಿಲೋಮೀಟರ್ ಆಚೆಗೆ ಒಯ್ಯಲೇಬೇಕು.

ಹಂತ 8: ಮೊದಲ ಹತ್ತು ದಿನ

ಬಹುಪಾಲು ಹಿಂಡು ಕೈತಪ್ಪುವುದು ಇಲ್ಲಿ.

ಆಹಾರ ಇಡುವುದಕ್ಕೆ ಬಿಟ್ಟರೆ ಮೊದಲ ಮೂರು ದಿನ ಪೆಟ್ಟಿಗೆ ತೆರೆಯಬೇಡಿ. ನೆರಳು, ಪೆಟ್ಟಿಗೆಯ ಮೇಲೆ ಒದ್ದೆ ಗೋಣಿಚೀಲ, ಹತ್ತಿರದಲ್ಲಿ ಬೆಣಚುಕಲ್ಲು ಹಾಕಿದ ಅಗಲ ತಟ್ಟೆಯಲ್ಲಿ ನೀರು. 40 ಡಿಗ್ರಿ ದಾಟುವ ದಿನಗಳಲ್ಲಿ ಹೊಸ ಎರಿ ಮೆತ್ತಗಾಗಿ ಕಳಚಿ ಬೀಳುತ್ತದೆ, ಎರಿ ಬಿದ್ದರೆ ಹಿಂಡು ನಿಲ್ಲುವುದಿಲ್ಲ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಬೇಸಿಗೆಯಲ್ಲಿ ನೀರು ಒಂದೇ ದಿನದಲ್ಲಿ ಆರುತ್ತದೆ, ಆದ್ದರಿಂದ ಕಾಲಿಗೆ ಗ್ರೀಸ್ ಕೂಡ ಬಳಿಯಿರಿ. ಹುಲ್ಲು, ಟೊಂಗೆ ಪೆಟ್ಟಿಗೆಗೆ ತಾಗಿದ್ದರೆ ಇರುವೆಗೆ ಅದೇ ಸೇತುವೆ.

ಆಹಾರ ಹಿಂಡಿನ ಬಗೆ ನೋಡಿ ಕೊಡಿ. ಪಾಲಾಗಿ ಬಂದ ಹಿಂಡಿನ ಹೊಟ್ಟೆಯಲ್ಲಿ ತುಪ್ಪವಿರುತ್ತದೆ, ಎರಡು ದಿನ ಬಿಟ್ಟು ಕೊಟ್ಟರೆ ಸಾಕು. ಪರಾರಿಯಾಗಿ ಬಂದದ್ದಕ್ಕೆ ಮೊದಲ ಸಂಜೆಯೇ ಕೊಡಿ. ಒಂದು ಕೆ.ಜಿ. ಸಕ್ಕರೆಗೆ ಒಂದು ಲೀಟರ್ ನೀರು, ಪೂರ್ತಿ ಆರಿದ ಮೇಲೆ 150-200 ಮಿ.ಲೀ., ಪೆಟ್ಟಿಗೆಯ ಒಳಗೆ, ಹುಳ ಮುಳುಗದಂತೆ ಮೇಲೆ ಕಡ್ಡಿ ತೇಲಿಸಿ. ಕತ್ತಲಾದ ಮೇಲೆಯೇ. ಹಗಲು ಕೊಟ್ಟರೆ, ಹೊರಗೆ ಒಂದು ಹನಿ ಚೆಲ್ಲಿದರೂ ಬೇರೆ ಪೆಟ್ಟಿಗೆಯ ಹುಳ ಬಂದು ಲೂಟಿ ಮಾಡುತ್ತವೆ. ಬೆಲ್ಲದ ನೀರು ಕೊಡಬೇಡಿ, ಹುಳಕ್ಕೆ ಭೇದಿಯಾಗುತ್ತದೆ.

ಹಿಂಡನ್ನು ಹಿಡಿದು ನಿಲ್ಲಿಸುವ ಬಲವಾದ ಉಪಾಯ ಒಂದು ಮರಿ ಚೌಕಟ್ಟು. ನಿಮ್ಮ ಆರೋಗ್ಯವಂತ ಪೆಟ್ಟಿಗೆಯಿಂದ ಮೊಟ್ಟೆ ಮತ್ತು ತೆರೆದ ಮರಿಯಿರುವ ಒಂದು ಚೌಕಟ್ಟು ತೆಗೆದು, ಅದರ ಹುಳಗಳನ್ನು ಅಲ್ಲೇ ಉದುರಿಸಿ, ಹಿಂಡು ಹಾಕುವಾಗಲೇ ನಡುವೆ ಕೂರಿಸಿ. ಸಾಕಲು ಮರಿ ಇದ್ದರೆ ಹಿಂಡು ಸುಲಭಕ್ಕೆ ಏಳುವುದಿಲ್ಲ.

ರಾಣಿ ಗೇಟಿನ ವಿಚಾರದಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಹಾಕದೇ ಬಿಡುವುದು ಒಂದು. ಹಾಕಿ ಮರೆಯುವುದು ಇನ್ನೊಂದು, ಇದರಿಂದಾಗುವ ನಷ್ಟ ಹೆಚ್ಚು. ದೊಡ್ಡ ಮೊದಲ ಹಿಂಡಿನಲ್ಲಿ ಹಳೇ ರಾಣಿ ಇರುತ್ತಾಳೆ, ಗೇಟು ಐದಾರು ದಿನ ಇರಲಿ. ಮೊಟ್ಟೆ ಕಂಡ ಮೇಲೆ ತೆಗೆಯಿರಿ. ಸಣ್ಣದಾದ ಎರಡನೇ ಹಿಂಡಿನ ರಾಣಿ ಇನ್ನೂ ಕೂಡದವಳು, ತೆಳ್ಳಗೆ, ಚುರುಕಾಗಿ ಓಡಾಡುತ್ತಾಳೆ. ಅವಳು ಗಂಡುನೊಣಗಳೊಂದಿಗೆ ಕೂಡಲು ಹೊರಗೆ ಹಾರಲೇಬೇಕು. ಗೇಟು ಹಾಕಿದರೆ ಅವಳು ಎಂದೂ ಮೊಟ್ಟೆಯಿಡುವ ರಾಣಿಯಾಗಳು, ಕುಟುಂಬ ಅಲ್ಲಿಗೇ ಮುಗಿಯುತ್ತದೆ. ಎರಡನೇ ಹಿಂಡಿಗೆ ಗೇಟು ಬೇಡ, ಮರಿ ಚೌಕಟ್ಟೇ ಕಾವಲು.

ಅಪಾಯದ ಸೂಚನೆಗಳು: ಮೂರನೇ ದಿನವೂ ಪರಾಗ ಬಾರದಿರುವುದು, ಮೇಣದ ಪಟ್ಟಿಗೆ ಎರಿ ಸೇರಿಸದಿರುವುದು, ಬಾಗಿಲಲ್ಲಿ ಗುರಿಯಿಲ್ಲದೆ ಓಡಾಡುವುದು, ಕಟ್ಟಿದ ಎರಿಯಲ್ಲಿ ಮರಿ ಮಾಯವಾಗುವುದು. ಇವು ಕಂಡರೆ ಅದೇ ಸಂಜೆ ಇರುವೆ, ಬಿಸಿಲು, ಹಸಿವು ಈ ಮೂರನ್ನೂ ಪರೀಕ್ಷಿಸಿ, ಮರಿ ಚೌಕಟ್ಟು ಕೊಡಿ. ಸೆಕೆಗೆ ಹುಳ ಬಾಗಿಲ ಹೊರಗೆ ಗಡ್ಡದಂತೆ ಜೋತು, ರಾತ್ರಿ ತಂಪಾದ ಮೇಲೆ ಒಳಹೋದರೆ ಗಾಬರಿ ಬೇಡ, ನೆರಳು ಹೆಚ್ಚಿಸಿ.

ಏಳನೇ ದಿನ ಸಂಜೆ ಒಮ್ಮೆ ತೆರೆದು ನೋಡಿ. ಕೋಶಕ್ಕೊಂದು ಮೊಟ್ಟೆ ಇದ್ದರೆ ಮುಚ್ಚಿ, ಇನ್ನೊಂದು ವಾರ ಬಿಡಿ. ಎರಡನೇ ಹಿಂಡಾದರೆ ಎರಡು ವಾರದವರೆಗೂ ಕಾಯಬಹುದು. ಆಗಲೂ ಮೊಟ್ಟೆಯಿಲ್ಲ, ಅಥವಾ ಒಂದೇ ಕೋಶದಲ್ಲಿ ಎರಡು-ಮೂರು ಅಡ್ಡಾದಿಡ್ಡಿ ಮೊಟ್ಟೆಗಳಿವೆ ಎಂದರೆ ರಾಣಿ ಇಲ್ಲ. ಮೊಟ್ಟೆಯೇ ಇಲ್ಲದ್ದಾದರೆ ನಡುವೆ ತೂತು ಮಾಡಿದ ಪತ್ರಿಕೆ ಹಾಳೆ ಹಾಸಿ ಬಲವಾದ ಕುಟುಂಬಕ್ಕೆ ಸೇರಿಸಿ. ಕೆಲಸಗಾರ ಹುಳಗಳೇ ಮೊಟ್ಟೆಯಿಡಲು ಶುರುಮಾಡಿದ್ದರೆ ಹಾಗೆ ಸೇರಿಸಿದಾಗ ಆ ಕುಟುಂಬದ ರಾಣಿಗೂ ಅಪಾಯ. ಅಂಥ ಹುಳಗಳನ್ನು ದೂರದಲ್ಲಿ ಬಟ್ಟೆಯ ಮೇಲೆ ಉದುರಿಸಿ, ಬೇರೆ ಬೇರೆ ಪೆಟ್ಟಿಗೆಗೆ ತಾವೇ ಸೇರಿಕೊಳ್ಳಲು ಬಿಡಿ.

ಹಂತ 9: ಜೇನುವನಕ್ಕೆ ಸೇರಿಸುವ ಮುನ್ನ

ಕಾಡಿನಿಂದ ಬಂದ ಹಿಂಡನ್ನು ನೇರವಾಗಿ ಉಳಿದ ಪೆಟ್ಟಿಗೆಗಳ ಸಾಲಿಗೆ ತರಬೇಡಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನು ನೆಲಕಚ್ಚಿಸಿತು, ಆ ರೋಗ ಈಗಲೂ ಆಗಾಗ ತಲೆ ಎತ್ತುತ್ತದೆ. ಕನಿಷ್ಠ ಮೂರು-ನಾಲ್ಕು ವಾರ, ಒಂದು ತಲೆಮಾರು ಮರಿ ಹೊರಬರುವವರೆಗೆ ಪ್ರತ್ಯೇಕವಾಗಿಡಿ, ಚಾಕು-ಹೊಗೆತಿದಿಯೂ ಬೇರೆ ಇರಲಿ. ಕೋಶದಲ್ಲಿ ಮರಿ ತಲೆ ಮೇಲೆತ್ತಿ ಅಂಗಾತ ಸತ್ತಿದ್ದು, ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಜೋತರೆ ಇದೇ ರೋಗದ ಲಕ್ಷಣ. ಆ ಪೆಟ್ಟಿಗೆಯ ಚೌಕಟ್ಟನ್ನು ಬೇರೆಲ್ಲೂ ಬಳಸಬೇಡಿ. ಗಂಗಾವತಿ, ಹಗರಿ ಅಥವಾ ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.

ಮೆಲ್ಲಿಫೆರಾ ಪೆಟ್ಟಿಗೆಗಳು ಇಳಿದಿರುವ ಹೊಲದ ಪಕ್ಕ ಹೊಸ ತುಡುವೆ ಹಿಂಡನ್ನು ಇಡಬೇಡಿ. ಹೂವು ಕಡಿಮೆಯಾದ ದಿನ ಅವು ಇದನ್ನು ದೋಚುತ್ತವೆ.

ಹಂಗಾಮು ಮುಗಿದ ಮೇಲೆ

ಹಿಂಡು ಬಾರದ ಟ್ರ್ಯಾಪ್ ಪೆಟ್ಟಿಗೆಗಳನ್ನು ಏಪ್ರಿಲ್ ಹೊತ್ತಿಗೆ ಇಳಿಸಿ. ಜೇಡ, ಜಿರಲೆ, ಮೇಣದ ಹುಳದ ಬಲೆ ಕೆರೆದು ತೆಗೆದು, ಬೆಳಗಿನ ಬಿಸಿಲಿಗೆ ಎರಡು ಗಂಟೆ ಒಣಗಿಸಿ, ಗಾಳಿಯಾಡುವ ಒಣ ಜಾಗದಲ್ಲಿ ಬಾಗಿಲಿಗೆ ಜಾಲರಿ ಬಡಿದು ಇಡಿ. ನುಸಿಗುಳಿಗೆ ಹಾಕಬೇಡಿ, ಆ ವಾಸನೆ ಮುಂದಿನ ಅಕ್ಟೋಬರ್‌ವರೆಗೂ ಹೋಗುವುದಿಲ್ಲ. ಹಿಂಡು ಬಂದಿದ್ದ ಮರ, ಎತ್ತರ, ಬಾಗಿಲ ದಿಕ್ಕನ್ನು ಬರೆದಿಟ್ಟುಕೊಳ್ಳಿ. ಒಮ್ಮೆ ಹಿಂಡು ಮೆಚ್ಚಿದ ಜಾಗಕ್ಕೆ ಮುಂದಿನ ವರ್ಷವೂ ಹಿಂಡು ಬರುವುದು ಹೆಚ್ಚು, ಮೊದಲ ಪೆಟ್ಟಿಗೆ ಅಲ್ಲೇ ಇಡಿ.